ಹೂಂಗುಟ್ಟುವವರಿಲ್ಲದ ಮಾತು

ಹೇಳದೆ ಕೇಳದೆ ಫೋನ್ ರಿಂಗಾದರೆ ಈಗ ಎದೆ ಧಸಕ್ ಎನ್ನುತ್ತದೆ. ಎತ್ತಿದ ಕೂಡಲೇ ಬಾಯಿಗೆ ಬರುವ ಮೊದಲ ಮಾತು, "ಏನಾಯ್ತು? ಎಲ್ಲ ಸರಿ ಇದೆ ತಾನೆ?" ಆ ಕಡೆಯವರು "ಏನಿಲ್ಲಪ್ಪ, ಸುಮ್ನೆ ಮಾಡಿದೆ" ಅಂದರೂ ನಂಬೋದಕ್ಕೆ ಸ್ವಲ್ಪ ಹೊತ್ತು ಬೇಕು. ಒಂದು ಕಾಲದಲ್ಲಿ ಈ ಜಾಗದಲ್ಲಿ ಟೆಲಿಗ್ರಾಂ ಇತ್ತು. ತಂತಿ ಬಂದಿದೆ ಅಂದರೆ ಸಾಕು, ಒಡೆದು ಓದುವ ಮೊದಲೇ ಮನೆಯಲ್ಲಿ ಅಳು ಶುರುವಾಗುತ್ತಿತ್ತು. ಭಾರತದಲ್ಲಿ ಟೆಲಿಗ್ರಾಂ ಸೇವೆ ಜುಲೈ 2013ರಲ್ಲಿ ನಿಂತಿತು. ಅದರ ಕೆಲಸ ಈಗ ಸಾದಾ ಫೋನ್ ಕರೆಯ ಪಾಲಿಗೆ ಬಂದಿದೆ. ಸಾವು, ಅಪಘಾತ, ಆಸ್ಪತ್ರೆ ಇದ್ದರೆ ಕರೆ. ಉಳಿದದ್ದೆಲ್ಲ ಮೆಸೇಜು.

ಕರೆ ಮಾಡುವುದಕ್ಕೇ ಮೆಸೇಜಿನಲ್ಲಿ ಅನುಮತಿ ಕೇಳಬೇಕು. "ಫ್ರೀ ಇದ್ದೀರಾ? ಕಾಲ್ ಮಾಡ್ಲಾ?" ಎಂದು ಹಾಕಿ ಕಾಯುವುದು ಈಗಿನ ಮರ್ಯಾದೆ. ಇದನ್ನು ನೋಡಿ ಹಿರಿಯರು "ಮೊಬೈಲ್ ಬಂದು ಜನ ಮಾತಾಡೋದನ್ನೇ ಬಿಟ್ಟರು" ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬೆಳಗಿನಿಂದ ರಾತ್ರಿವರೆಗೆ ನಾವು ಒಬ್ಬರಿಗೊಬ್ಬರು ಕಳಿಸುವ ಮಾತಿನ ರಾಶಿ ನೋಡಿದರೆ, ಹಿಂದಿನ ಯಾವ ತಲೆಮಾರೂ ಇಷ್ಟು ಮಾತಾಡಿರಲಿಕ್ಕಿಲ್ಲ. ಹೇಳುವವರು ಜಾಸ್ತಿಯೇ ಆಗಿದ್ದಾರೆ. ಕಮ್ಮಿಯಾಗಿರುವುದು ಕೇಳುವವರು ಮಾಡುತ್ತಿದ್ದ ಕೆಲಸ.

ಕೇಳುವುದೂ ಒಂದು ಕೆಲಸವೇ ಅಂತ ಅಜ್ಜಿಯಂದಿರಿಗೆ ಚೆನ್ನಾಗಿ ಗೊತ್ತಿತ್ತು. ಕಥೆ ಹೇಳುವಾಗ ಮೊಮ್ಮಗು ಹೂಂಗುಡಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಮಗು ಮಲಗಿತೋ ಇಲ್ಲವೋ ಅಂತ ನೋಡುವ ಉಪಾಯ ಮಾತ್ರವಾಗಿರಲಿಲ್ಲ ಅದು. ಹೂಂ ಇಲ್ಲದೆ ಕಥೆ ಮುಂದೆ ಓಡುವುದೇ ಇಲ್ಲ. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಜಾನೆಟ್ ಬಾವೆಲಾಸ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನೇ ತೋರಿಸಿತು. ಒಬ್ಬರು ತಾವು ಸ್ವಲ್ಪದರಲ್ಲೇ ಪಾರಾದ ಘಟನೆಯೊಂದನ್ನು ಹೇಳಬೇಕು, ಇನ್ನೊಬ್ಬರು ಕೇಳಬೇಕು. ಕೆಲವು ಕೇಳುಗರಿಗೆ ಗುಟ್ಟಾಗಿ ಬೇರೆ ಕೆಲಸ ಕೊಟ್ಟಿದ್ದರು: ಮಾತಿನಲ್ಲಿ ಒಂದು ನಿರ್ದಿಷ್ಟ ಅಕ್ಷರದಿಂದ ಶುರುವಾಗುವ ಪದಗಳನ್ನು ಎಣಿಸುವುದು. ಅವರ ಗಮನ ಅತ್ತ ಹೋಯಿತು. "ಅಯ್ಯೋ", "ಆಮೇಲೆ?" ಎನ್ನುವುದು ನಿಂತಿತು. ಕಥೆ ಹೇಳುತ್ತಿದ್ದವರಿಗೆ ಇದೇನೂ ಗೊತ್ತಿಲ್ಲ. ಆದರೂ ಅವರ ಕಥೆಯೇ ಕೆಟ್ಟಿತು. ರೋಚಕವಾಗಬೇಕಾದ ಕೊನೆಯಲ್ಲೇ ತಡವರಿಸಿದರು, ಹೇಳಿದ್ದನ್ನೇ ಹೇಳಿದರು. ಅಂದರೆ ಅರ್ಧ ಕಥೆಯನ್ನು ಕೇಳುವವರೇ ಹೇಳುತ್ತಿರುತ್ತಾರೆ.

ಎದುರಾಬದುರು ಮಾತಿನ ವೇಗವೂ ಬೆರಗು ಹುಟ್ಟಿಸುವಂಥದ್ದು. 2009ರಲ್ಲಿ ಹತ್ತು ಭಾಷೆಗಳನ್ನು ಹೋಲಿಸಿದ ಸಂಶೋಧಕರು, ಒಬ್ಬರು ಪ್ರಶ್ನೆ ಮುಗಿಸಿ ಇನ್ನೊಬ್ಬರು ಉತ್ತರ ಶುರುಮಾಡುವ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟು ಅಂತ ಲೆಕ್ಕ ಹಾಕಿದರು. ಜಪಾನಿನವರಿಗೂ ಡೆನ್ಮಾರ್ಕಿನವರಿಗೂ ತುಸು ವ್ಯತ್ಯಾಸವಿದೆ, ಅಷ್ಟೇ. ಇಷ್ಟು ಕಮ್ಮಿ ಹೊತ್ತಿನಲ್ಲಿ ಯೋಚಿಸಿ ಉತ್ತರ ಕೊಡಲು ಆಗುವುದಿಲ್ಲ. ಎದುರಿನವರು ಇನ್ನೂ ಮಾತಾಡುತ್ತಿರುವಾಗಲೇ ನಾವು ಉತ್ತರ ಕಟ್ಟುತ್ತಿರುತ್ತೇವೆ. ಉತ್ತರ ಒಂದು ಸೆಕೆಂಡ್ ತಡವಾದರೂ ಏನೋ ಸರಿಯಿಲ್ಲ ಅಂತ ಕಿವಿಗೆ ಗೊತ್ತಾಗುತ್ತದೆ. "ಭಾನುವಾರ ಬರ್ತೀಯಾ?" ಅಂದಾಗ ಬರುವ ಆ ಚಿಕ್ಕ ಮೌನವೇ "ಇಲ್ಲ" ಅಂತ ಹೇಳಿಬಿಡುತ್ತದೆ. ಕೇಳಿದವರು ತಾವೇ "ಕೆಲಸ ಇದ್ರೆ ಬೇಡ ಬಿಡು" ಅಂತ ದಾರಿ ಮಾಡಿಕೊಡುತ್ತಾರೆ. ಇಬ್ಬರ ಮುಖವೂ ಉಳಿಯುತ್ತದೆ.

ಮೆಸೇಜಿನಲ್ಲಿ ಈ ವ್ಯವಸ್ಥೆ ಪೂರ್ತಿ ಕಳಚಿಹೋಗಿದೆ. ಉತ್ತರ ಎರಡು ಗಂಟೆ ತಡವಾದರೆ ಅದು ಸಿಟ್ಟೋ, ಮೀಟಿಂಗೋ, ಚಾರ್ಜ್ ಮುಗಿದದ್ದೋ? ತಿಳಿಯುವ ದಾರಿಯಿಲ್ಲ.

ಹೀಗಾಗಿದ್ದಕ್ಕೆ ಜನರ ಮನಸ್ಸು ಕೆಟ್ಟಿತು ಅನ್ನುವುದು ಸುಲಭ. ಆದರೆ ದೂರದವರೊಂದಿಗೆ ನಾವು ಹೇಗೆ ಮಾತಾಡುತ್ತೇವೆ ಎಂಬುದನ್ನು ಯಾವಾಗಲೂ ಮೊದಲು ತೀರ್ಮಾನಿಸಿದ್ದು ದುಡ್ಡು. ಟೆಲಿಗ್ರಾಂಗೆ ಪದದ ಲೆಕ್ಕದಲ್ಲಿ ಕಾಸು, ಹಾಗಾಗಿ ಕ್ರಿಯಾಪದವೂ ಇಲ್ಲದ ವಾಕ್ಯ. ಇನ್‌ಲ್ಯಾಂಡ್ ಲೆಟರಿನಲ್ಲಿ ಜಾಗ ಇಷ್ಟೇ, ಹಾಗಾಗಿ "ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯಿರಿ" ಮುಗಿದ ಮೇಲೆ ಮಡಚುವ ಅಂಚಿನಲ್ಲೆಲ್ಲ ಅಕ್ಷರ. ಎಸ್‌ಟಿಡಿ ಬೂತಿನಲ್ಲಿ ಕಣ್ಣು ಮೀಟರಿನ ಮೇಲೆ. ರಾತ್ರಿ ದರ ಇಳಿಯುವವರೆಗೆ ಕಾದು ಸರದಿಯಲ್ಲಿ ನಿಂತು ಮಾತಾಡುತ್ತಿದ್ದರು. ಮೊಬೈಲ್ ಬಂದ 1995ರಲ್ಲಿ ಹೊರಹೋಗುವ ಕರೆಗೆ ನಿಮಿಷಕ್ಕೆ 16 ರೂಪಾಯಿಯಷ್ಟು. ಬರುವ ಕರೆಗೂ ದುಡ್ಡು ಕಟ್ಟಬೇಕಿತ್ತು. ಅದು ಪುಕ್ಕಟೆಯಾದದ್ದು 2003ರಲ್ಲಿ. ಆಮೇಲೆ ನಾವು ಮಿಸ್ಡ್ ಕಾಲ್ ಅನ್ನೇ ಒಂದು ಭಾಷೆ ಮಾಡಿಕೊಂಡೆವು. ಒಂದು ರಿಂಗ್ ಅಂದರೆ ಬಸ್ ಹತ್ತಿದೆ, ಎರಡು ಅಂದರೆ ಗೇಟಿನ ಹತ್ತಿರ ಇದ್ದೇನೆ. ಒಂದು ಪೈಸೆ ಖರ್ಚಿಲ್ಲದ ಮಾತು.

ಎಸ್ಸೆಮ್ಮೆಸ್ ಕಾಲದಲ್ಲಿ ಕನ್ನಡಕ್ಕೆ ಇನ್ನೊಂದು ಹೊಡೆತ ಬಿತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಎಸ್ಸೆಮ್ಮೆಸ್ಸಿನಲ್ಲಿ ಹಿಡಿಯುವುದು 140 ಬೈಟ್. ಇಂಗ್ಲಿಷ್ ಅಕ್ಷರಗಳಾದರೆ ಅದರಲ್ಲಿ 160 ಕೂರುತ್ತವೆ. ಕನ್ನಡದಂಥ ಲಿಪಿಗೆ ಯೂನಿಕೋಡ್ ಬೇಕು, ಆಗ ಸಿಗುವುದು 70 ಸ್ಥಾನ ಮಾತ್ರ. ಅದರಲ್ಲೂ ಒತ್ತಕ್ಷರ, ಗುಣಿತ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. 'ಸ್ತ್ರೀ' ಅನ್ನುವುದು ನಮ್ಮ ಕಣ್ಣಿಗೆ ಒಂದು ಅಕ್ಷರ, ಯಂತ್ರಕ್ಕೆ ಆರು. ಹಾಗಾಗಿ ಕನ್ನಡದಲ್ಲಿ ಬರೆದರೆ ಒಂದೇ ಮಾತಿಗೆ ಎರಡು ಮೆಸೇಜಿನ ದುಡ್ಡು. ಎಷ್ಟೋ ಹ್ಯಾಂಡ್‌ಸೆಟ್‌ಗಳಲ್ಲಿ ಕನ್ನಡ ಫಾಂಟೇ ಇರಲಿಲ್ಲ, ಕಳಿಸಿದ್ದು ಆ ಕಡೆ ಡಬ್ಬಿ ಡಬ್ಬಿಯಾಗಿ ಕಾಣುತ್ತಿತ್ತು. ಹಬ್ಬದ ದಿನ ಎಸ್ಸೆಮ್ಮೆಸ್ ಪ್ಯಾಕ್ ನಡೆಯುವುದಿಲ್ಲ ಎಂಬ ಕಂಪನಿಗಳ ನಿಯಮ ಬೇರೆ. ಯುಗಾದಿ ಶುಭಾಶಯವನ್ನು ಹಿಂದಿನ ದಿನವೇ ಕಳಿಸಿ ಮುಗಿಸುತ್ತಿದ್ದವರು ಇದನ್ನು ಓದುವವರಲ್ಲೂ ಇರುತ್ತೀರಿ.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವ ಅಭ್ಯಾಸ ಅಲ್ಲಿಂದ ಹಿಡಿಯಿತು. ಕಾರಣ ಹೋದರೂ ಅಭ್ಯಾಸ ಹೋಗಿಲ್ಲ. ಈಗ ಪ್ರತಿ ಫೋನಿನಲ್ಲೂ ಕನ್ನಡ ಕೀಬೋರ್ಡ್ ಸಿಗುತ್ತದೆ. 2017ರಿಂದ ಗೂಗಲ್ ಕೀಬೋರ್ಡಿಗೆ ಕನ್ನಡದಲ್ಲಿ ಮಾತಾಡಿದರೆ ಅದೇ ಟೈಪ್ ಮಾಡಿಕೊಡುತ್ತದೆ. ಆದರೂ ಒಂದು ತಲೆಮಾರಿನ ಬೆರಳಿಗೆ ಇಂಗ್ಲಿಷ್ ಅಕ್ಷರವೇ ಒಗ್ಗಿದೆ. ಆ ಬರವಣಿಗೆಯಲ್ಲಿ ಹಾಲು ಯಾವುದು, ಹಾಳು ಯಾವುದು ಅಂತ ಸಂದರ್ಭ ನೋಡಿಯೇ ಊಹಿಸಬೇಕು. ಹಳ್ಳಿಗೂ ಹಲ್ಲಿಗೂ ವ್ಯತ್ಯಾಸವಿಲ್ಲ.

ಲಿಪಿಗಿಂತ ನನಗೆ ಕುತೂಹಲ ಅನ್ನಿಸುವುದು ಇನ್ನೊಂದು ಸಂಗತಿ. ಕನ್ನಡದಲ್ಲಿ ಎದುರಿನವರನ್ನು ಕೇಳುವ ಬಹಳಷ್ಟು ಪ್ರಶ್ನೆಗಳನ್ನು ಸಂಬಂಧ ತೀರ್ಮಾನವಾಗದೆ ಕೇಳಲಾಗುವುದಿಲ್ಲ. "ಬಂದ್ಯಾ" ಅನ್ನಬೇಕು, ಇಲ್ಲವೇ "ಬಂದ್ರಾ" ಅನ್ನಬೇಕು. ನಡುವೆ ಜಾಗವಿಲ್ಲ. ಎದುರಿದ್ದರೆ ಮುಖ ನೋಡಿ, ವಯಸ್ಸು ನೋಡಿ, ನಗು ನೋಡಿ ಹೇಗೋ ದಾಟುತ್ತೇವೆ. ಬರೆದು ಕಳಿಸಿದರೆ ಅದು ಹಾಗೇ ಉಳಿಯುತ್ತದೆ. ಹಾಗಾಗಿ ಹೊಸದಾಗಿ ಪರಿಚಯವಾದವರಿಗೆ, ವಯಸ್ಸಿನಲ್ಲಿ ಚಿಕ್ಕವರಾದರೂ ವರಸೆಯಲ್ಲಿ ದೊಡ್ಡವರಾದ ನೆಂಟರಿಗೆ, ಆಫೀಸಿನಲ್ಲಿ ಅರೆಬರೆ ಸಲುಗೆ ಇರುವವರಿಗೆ ಮೆಸೇಜ್ ಮಾಡುವಾಗ ಕನ್ನಡಿಗರು ಇದ್ದಕ್ಕಿದ್ದಂತೆ ಇಂಗ್ಲಿಷಿಗೆ ಹೊರಳುತ್ತಾರೆ. "ರೀಚ್ಡ್?" ಅಂತ ಕೇಳಿದರೆ ಏಕವಚನವೂ ಅಲ್ಲ, ಬಹುವಚನವೂ ಅಲ್ಲ. ಇದನ್ನು ಇಂಗ್ಲಿಷ್ ವ್ಯಾಮೋಹ ಅಂತ ಬೈಯುವವರಿದ್ದಾರೆ. ಬಹಳ ಸಲ ಇದು ಬರೀ ಸಂಕೋಚ. ಎದುರಾದಾಗ ನಾಲ್ಕು ಮಾತಿನಲ್ಲಿ "ಅಯ್ಯೋ, ನೀನು ಅನ್ರೀ" ಅಂತ ಬಗೆಹರಿಯುತ್ತಿದ್ದದ್ದು ಮೆಸೇಜಿನಲ್ಲಿ ವರ್ಷಗಟ್ಟಲೆ ಬಗೆಹರಿಯದೆ ಉಳಿಯುತ್ತದೆ.

ಸೆಪ್ಟೆಂಬರ್ 2016ರಲ್ಲಿ ಜಿಯೋ ಬಂದು ಡೇಟಾ ದರ ನೆಲಕ್ಕಿಳಿಯಿತು. ಅದೇ ನವೆಂಬರಿನಲ್ಲಿ ವಾಟ್ಸಾಪಿಗೆ ವಿಡಿಯೋ ಕರೆ ಬಂತು. 2019ರ ಹೊತ್ತಿಗೆ ಭಾರತದಲ್ಲಿ 40 ಕೋಟಿ ಬಳಕೆದಾರರಿದ್ದಾರೆ ಅಂತ ಕಂಪನಿ ಹೇಳಿತು. ಈಗ ನಿಮಿಷಕ್ಕೆ ಇಷ್ಟು, ಅಕ್ಷರಕ್ಕೆ ಇಷ್ಟು ಅನ್ನುವ ಲೆಕ್ಕವೇ ಇಲ್ಲ. ದುಡ್ಡಿನ ತಡೆ ಹೋದ ಮೇಲೆ ಜನ ಗಂಟೆಗಟ್ಟಲೆ ಕರೆ ಮಾಡಿ ಮಾತಾಡಬೇಕಿತ್ತು, ಅಲ್ವಾ? ಗಂಡ ಹೆಂಡತಿ, ಪ್ರೇಮಿಗಳು, ತಾಯಿ ಮಗಳು ಹಾಗೆ ಮಾತಾಡುತ್ತಾರೆ ನಿಜ. ಉಳಿದವರು ಹಿಡಿದದ್ದು ವಾಯ್ಸ್ ನೋಟ್.

2013ರಲ್ಲಿ ವಾಟ್ಸಾಪಿಗೆ ಬಂದ ಈ ಸೌಲಭ್ಯ ನಮ್ಮಲ್ಲಿ ಮಾಡಿದ ಕೆಲಸ ದೊಡ್ಡದು. 2011ರ ಜನಗಣತಿ ಪ್ರಕಾರ ಕರ್ನಾಟಕದ ಸಾಕ್ಷರತೆ ಸುಮಾರು ಶೇ. 75. ಓದು ಬಂದರೂ ಚಿಕ್ಕ ಪರದೆಯಲ್ಲಿ ಟೈಪ್ ಮಾಡಲು ಒದ್ದಾಡುವವರು ಇನ್ನೂ ಎಷ್ಟೋ ಮಂದಿ. ಇವರೆಲ್ಲ ಮೈಕಿನ ಗುರುತು ಒತ್ತಿ ಹಿಡಿದು ಮಾತಾಡಲು ಕಲಿತರು. ಟೈಪ್ ಮಾಡುವಾಗ ಪುಸ್ತಕದ ಕನ್ನಡಕ್ಕೋ ಇಂಗ್ಲಿಷಿಗೋ ಬಗ್ಗುತ್ತಿದ್ದ ಬಾಯಿ, ಇಲ್ಲಿ ಮನೆಯ ಮಾತಿಗೆ ವಾಪಸ್ ಬಂತು. ಧಾರವಾಡದ "ಏನ್ರೀ"ಯ ಎಳೆತ, ಕುಂದಾಪುರದ ಚುರುಕು, ಮಂಡ್ಯದ ಏರಿಳಿತ ಇವೆಲ್ಲ ಧ್ವನಿಯಲ್ಲಿ ಹಾಗೇ ಹೋಗುತ್ತವೆ. ತುಳು, ಕೊಂಕಣಿ, ಕೊಡವ, ಬ್ಯಾರಿ ಮನೆಮಾತಿನವರು ಶಾಲೆಯಲ್ಲಿ ಬರೆಯಲು ಕಲಿತದ್ದು ಹೆಚ್ಚಾಗಿ ಕನ್ನಡ, ಇಂಗ್ಲಿಷ್. ಅವರಿಗಂತೂ ಇದು ಬರವಣಿಗೆಯ ಹಂಗೇ ಇಲ್ಲದೆ ತಮ್ಮ ಭಾಷೆಯಲ್ಲಿ ಮೆಸೇಜ್ ಮಾಡುವ ದಾರಿ.

ಕರಾವಳಿಯ ಗಲ್ಫ್ ಮನೆಗಳಲ್ಲಿ ವಾಯ್ಸ್ ನೋಟಿಗೆ ಇನ್ನೊಂದು ಕಾರಣವೂ ಇದೆ. ಯುಎಇಯಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತದೆ, ಧ್ವನಿ ಮುದ್ರಿಸಿ ಕಳಿಸಿದ್ದೂ ಹೋಗುತ್ತದೆ. ಆದರೆ ವಾಟ್ಸಾಪ್ ಕರೆಗೆ ಬಹಳ ವರ್ಷಗಳಿಂದ ತಡೆ ಇದೆ. ಇಂಟರ್‌ನೆಟ್ ಕರೆ ಮಾಡಬೇಕಾದರೆ ಅಲ್ಲಿನ ಸರ್ಕಾರ ಒಪ್ಪಿದ ಬೋಟಿಮ್‌ನಂಥ ಬೇರೆ ಆ್ಯಪ್ ಬೇಕು. ಊರಿನ ತಾಯಿಯ ಫೋನಿನಲ್ಲಿ ಆ ಆ್ಯಪ್ ಇರಬೇಕು, ಅದನ್ನು ಬಳಸಲು ಅವರಿಗೆ ಬರಬೇಕು. ಇದಕ್ಕಿಂತ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಕೂತು ಎರಡು ನಿಮಿಷ ಮಾತಾಡಿ ಕಳಿಸುವುದು ಸಲೀಸು. ಪಶ್ಚಿಮ ಕರಾವಳಿಯಿಂದ ಗಲ್ಫಿಗೆ ಹೋದ ಮೊದಲ ತಲೆಮಾರು ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ, ಊರಿಗೆ ಹೊರಟವರ ಕೈಯಲ್ಲಿ ಕಳಿಸುತ್ತಿತ್ತು. ಆ ಪದ್ಧತಿಯೇ ಸುತ್ತು ಹೊಡೆದು ವಾಪಸ್ ಬಂದಂತಿದೆ. ಒಂದು ದೇಶದ ಟೆಲಿಕಾಂ ನಿಯಮ ಇನ್ನೊಂದು ದೇಶದ ಉಡುಪಿಯ ಮನೆಯೊಂದರಲ್ಲಿ ತಾಯಿ ಮಗ ಹೇಗೆ ಮಾತಾಡಬೇಕು ಅಂತ ತೀರ್ಮಾನಿಸುವುದು ವಿಚಿತ್ರವೇ.

ಧ್ವನಿ ವಾಪಸ್ ಬಂತು, ಸರಿ. ಆದರೆ ಹೂಂ ಬರಲಿಲ್ಲ. ವಾಯ್ಸ್ ನೋಟ್ ಮಾಡುವವರು ಗಾಳಿಗೆ ಮಾತಾಡುತ್ತಾರೆ. "ಗೊತ್ತಾಯ್ತಲ್ಲ" ಅನ್ನುತ್ತಾರೆ, ಆದರೆ ಗೊತ್ತಾಯಿತೋ ಇಲ್ಲವೋ ಅಂತ ನೋಡಲಾಗುವುದಿಲ್ಲ. ಹಾಗಾಗಿ ಹೇಳಿದ್ದನ್ನೇ ಮತ್ತೆ ಹೇಳುತ್ತಾರೆ, ಬೇಡದ ವಿವರ ಸೇರಿಸುತ್ತಾರೆ, ಮುಗಿಸುವುದು ಹೇಗೆ ಅಂತ ತಿಳಿಯದೆ "ಹಾಂ... ಅಷ್ಟೇ... ಮತ್ತೆ ಏನು..." ಅಂತ ಎಳೆಯುತ್ತಾರೆ. ಬಾವೆಲಾಸ್ ಪ್ರಯೋಗದಲ್ಲಿ ಗಮನವಿಲ್ಲದ ಕೇಳುಗರ ಮುಂದೆ ಕೂತವರು ಮಾಡಿದ್ದೂ ಇದನ್ನೇ. ಕೇಳುವವರಿಗೆ ಅದು ಉದ್ದ ಅನ್ನಿಸುತ್ತದೆ. 2021ರಲ್ಲಿ ವಾಟ್ಸಾಪ್ ಒಂದೂವರೆ ಪಟ್ಟು, ಎರಡು ಪಟ್ಟು ವೇಗದಲ್ಲಿ ಕೇಳುವ ಗುಂಡಿ ಕೊಟ್ಟಿತು. ಮರುವರ್ಷ ಕಂಪನಿ ಹೇಳಿದ ಲೆಕ್ಕ, ದಿನಕ್ಕೆ 700 ಕೋಟಿ ವಾಯ್ಸ್ ಮೆಸೇಜ್. ಅದರಲ್ಲಿ ಎಷ್ಟು ಮಂದಿ ತಮ್ಮ ದೊಡ್ಡಮ್ಮನ ಮಾತನ್ನು ಎರಡು ಪಟ್ಟು ಓಡಿಸಿ ಕೇಳುತ್ತಾರೋ! ಎದುರಿಗೆ ಕೂತಾಗ "ಬೇಗ ಬೇಗ ಹೇಳಿ ದೊಡ್ಡಮ್ಮ" ಅನ್ನುವ ಧೈರ್ಯ ಯಾರಿಗಿತ್ತು?

ಹೂಂ ಹೋದ ಜಾಗಕ್ಕೆ ಯಂತ್ರ ಕೊಟ್ಟದ್ದು ಟಿಕ್. ಒಂದು ಟಿಕ್ ಅಂದರೆ ಹೋಯಿತು, ಎರಡು ಅಂದರೆ ತಲುಪಿತು, ನವೆಂಬರ್ 2014ರಿಂದ ನೀಲಿಯಾದರೆ ನೋಡಿದರು. ಹೂಂ ಮತ್ತು ನೀಲಿ ಟಿಕ್ ಎರಡೂ ಹೇಳುವುದು ಒಂದೇ ಅಂತ ಕಾಣುತ್ತದೆ. ಆದರೆ ಹೂಂ ಕೇಳುವವರು ಕೊಡುವುದು. ನೀಲಿ ಟಿಕ್ ಅವರ ಅನುಮತಿ ಇಲ್ಲದೆ ಅವರ ಫೋನ್ ಕೊಡುವುದು. ಜನ ಎಷ್ಟು ಸಿಟ್ಟಾದರು ಅಂದರೆ, ಅದನ್ನು ಆರಿಸುವ ಆಯ್ಕೆಯನ್ನು ಕಂಪನಿ ಸ್ವಲ್ಪದರಲ್ಲೇ ಕೊಡಬೇಕಾಯಿತು. ಆರಿಸಿದರೆ ಬೇರೆಯವರದ್ದೂ ನಿಮಗೆ ಕಾಣುವುದಿಲ್ಲ. ಗ್ರೂಪಿನಲ್ಲಿ ಮಾತ್ರ ಆರಿಸಲಾಗದು. ಅಡ್ಮಿನ್ ಒಬ್ಬರು ತಾವು ಹಾಕಿದ್ದನ್ನು ಯಾರು ಯಾರು ನೋಡಿದರು ಅಂತ ಪಟ್ಟಿ ತೆಗೆದು ಕೂರಬಹುದು. ಕೂರುತ್ತಾರೆ ಕೂಡ.

ಇದರಿಂದ ಹುಟ್ಟಿದ ಲೆಕ್ಕಾಚಾರಗಳಿಗೆ ಕೊನೆಯಿಲ್ಲ. ನೋಡಿಯೂ ಉತ್ತರ ಕೊಡಲಿಲ್ಲ ಅಂತ ಒಬ್ಬರಿಗೆ ಬೇಜಾರು. ನೀಲಿ ಆಗಬಾರದು ಅಂತ ಇನ್ನೊಬ್ಬರು ಮೆಸೇಜ್ ತೆರೆಯದೆ ಮೇಲಿನ ನೋಟಿಫಿಕೇಶನ್ನಿನಲ್ಲೇ ಓದುತ್ತಾರೆ. ರಾತ್ರಿ ಹನ್ನೊಂದಕ್ಕೆ ಲಾಸ್ಟ್ ಸೀನ್ ಇದೆ, ನನ್ನ ಮೆಸೇಜಿಗೆ ಮಾತ್ರ ಉತ್ತರ ಇಲ್ಲ ಅಂತ ಸೊಸೆಯ ಮೇಲೆ ಅತ್ತೆಗೂ, ಮಗನ ಮೇಲೆ ಅಪ್ಪನಿಗೂ ಅನುಮಾನ. ಹಿಂದೆ ಮನೆಯಲ್ಲಿಲ್ಲ, ಸ್ನಾನಕ್ಕೆ ಹೋಗಿದ್ದಾರೆ ಅಂತ ಹೇಳಿಸುವ ಸಣ್ಣ ಸುಳ್ಳುಗಳಿದ್ದವು. ಆ ಸುಳ್ಳುಗಳು ಸಂಬಂಧಗಳನ್ನು ಎಷ್ಟು ಕಾಪಾಡುತ್ತಿದ್ದವು ಎಂಬುದು ಅವು ಹೋದ ಮೇಲೆ ತಿಳಿಯಿತು.

ಉತ್ತರ ಬಂದರೂ ಧಾಟಿ ತಿಳಿಯಬೇಕಲ್ಲ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಇಮೇಲಿನಲ್ಲಿ ತಾವು ವ್ಯಂಗ್ಯವಾಡಿದರೆ ಓದುವವರಿಗೆ ಗೊತ್ತಾಗುತ್ತದೆ ಅಂತ ಬರೆದವರು ಗಟ್ಟಿಯಾಗಿ ನಂಬಿದ್ದರು. ಓದಿದವರ ಊಹೆ ಕಣ್ಣುಮುಚ್ಚಿ ನಾಣ್ಯ ಚಿಮ್ಮಿದ್ದಕ್ಕಿಂತ ಸ್ವಲ್ಪ ಮೇಲಷ್ಟೆ. ಬರೆಯುವಾಗ ನಮ್ಮ ತಲೆಯಲ್ಲಿ ನಮ್ಮದೇ ಧ್ವನಿ ಓಡುತ್ತಿರುತ್ತದೆ. ಓದುವವರ ತಲೆಯಲ್ಲಿ ಅವರ ಆ ಹೊತ್ತಿನ ಮನಸ್ಸು ಓಡುತ್ತಿರುತ್ತದೆ. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ, ಒಂದೇ ಪದದ ಉತ್ತರದ ಕೊನೆಗೆ ಪೂರ್ಣವಿರಾಮ ಇಟ್ಟರೂ ಓದುವವರಿಗೆ ಅದು ಮನಸ್ಸಿಲ್ಲದ ಉತ್ತರ ಅನ್ನಿಸಿತು. ನಮ್ಮಲ್ಲಿ ಅಮ್ಮ ಹಾಕುವ ಬರೀ 'ಸರಿ'ಗೆ ಚುಕ್ಕಿ ಬೇಕಿಲ್ಲ. ಮಕ್ಕಳಿಗೆ ಅದು ಸಾಕು. ಎಮೋಜಿಗಳು ಈ ತೂತು ಮುಚ್ಚಲು ಬಂದವು. ಅವಕ್ಕೂ ವಯಸ್ಸಿಗೊಂದು ಅರ್ಥ. ಹಿರಿಯರ ಹೆಬ್ಬೆರಳು ಒಪ್ಪಿಗೆ, ಕಿರಿಯರಿಗೆ ಅದೇ ಹೆಬ್ಬೆರಳು ಬಾಗಿಲು ಮುಚ್ಚಿದ ಹಾಗೆ.

ಇಬ್ಬರ ನಡುವೆಯೇ ಹೀಗಾದರೆ ಗ್ರೂಪಿನಲ್ಲಿ ಇನ್ನೇನು? ಅಪ್ಪನ ಹತ್ತಿರ ಮಾತಾಡುವ ಧಾಟಿ ಬೇರೆ, ಅತ್ತಿಗೆಯ ಹತ್ತಿರ ಬೇರೆ, ಸೋದರಮಾವನ ಹತ್ತಿರ ಇನ್ನೂ ಬೇರೆ. ಫ್ಯಾಮಿಲಿ ಗ್ರೂಪಿನಲ್ಲಿ ಎಲ್ಲರೂ ಒಟ್ಟಿಗೆ ಕೂತಿದ್ದಾರೆ. ಯಾರಿಗೂ ನೋವಾಗದಂಥ ಮಾತು ಅಂದರೆ ಶುಭೋದಯ, ಹುಟ್ಟುಹಬ್ಬ, ದೇವರ ಫೋಟೊ. ಹಾಗಾಗಿ ಗ್ರೂಪಿನಲ್ಲಿ ಅವೇ ತುಂಬಿರುತ್ತವೆ. ನಿಜವಾದ ಮಾತು ಅತ್ತಿಗೆಯನ್ನು ಬಿಟ್ಟ ಗ್ರೂಪಿನಲ್ಲಿ, ಮಾವನನ್ನು ಬಿಟ್ಟ ಗ್ರೂಪಿನಲ್ಲಿ ನಡೆಯುತ್ತದೆ. ಮದುವೆಮನೆಯಲ್ಲೂ ಅಡುಗೆಮನೆಯ ಮಾತು ಪಡಸಾಲೆಗೆ ಬರುತ್ತಿರಲಿಲ್ಲ ನಿಜ. ಆದರೆ ಗ್ರೂಪಿನಲ್ಲಿ ಸುಮ್ಮನಿದ್ದವರ ಹಾಜರಿ ಎಲ್ಲರಿಗೂ ಕಾಣುತ್ತದೆ. ವಿಶ್ ಮಾಡಿದ ಮೂವತ್ತು ಜನರಿಗಿಂತ ಮಾಡದ ಒಬ್ಬಳು ನೆನಪಿನಲ್ಲಿ ಉಳಿಯುತ್ತಾಳೆ.

ಕೇಳುವವರು ಮಾಡುತ್ತಿದ್ದ ಇನ್ನೊಂದು ಕೆಲಸ ತಡೆದು ಕೇಳುವುದು. "ಹೌದಾ? ಯಾರು ಹೇಳಿದ್ದು ನಿನಗೆ?" ಜಗಲಿಯ ಮೇಲೆ ಹುಟ್ಟಿದ ಗಾಳಿಮಾತು ಈ ಪ್ರಶ್ನೆಯಲ್ಲೇ ಅರ್ಧ ಸಾಯುತ್ತಿತ್ತು. ಫಾರ್ವರ್ಡ್ ಮೆಸೇಜು ಬರುವುದು ಗೊತ್ತಿದ್ದವರ ನಂಬರಿನಿಂದ, ಹಾಗಾಗಿ ಅವರ ಬಾಯಿಮಾತಿನ ತೂಕ ಅದಕ್ಕಿರುತ್ತದೆ. ಮರುಪ್ರಶ್ನೆ ಕೇಳೋಣವೆಂದರೆ ಕಳಿಸಿದವರಿಗೂ ಏನೂ ಗೊತ್ತಿರುವುದಿಲ್ಲ. ಆಗಸ್ಟ್ 2012ರಲ್ಲಿ ಎಸ್ಸೆಮ್ಮೆಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ರೈಲು ನಿಲ್ದಾಣದಲ್ಲಿ ಗುವಾಹಟಿ ರೈಲಿಗೆ ಮುಗಿಬಿದ್ದರು. ಕೇಂದ್ರ ಸರ್ಕಾರ ಹದಿನೈದು ದಿನ ದೇಶದಾದ್ಯಂತ ಒಮ್ಮೆಗೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸದಂತೆ ತಡೆ ಹಾಕಿತು. 2018ರಲ್ಲಿ ಮಕ್ಕಳ ಕಳ್ಳರ ವದಂತಿ ಬೆಂಗಳೂರಿನ ಚಾಮರಾಜಪೇಟೆಯಲ್ಲೂ ಬೀದರ್ ಜಿಲ್ಲೆಯಲ್ಲೂ ಜೀವ ತೆಗೆಯಿತು. ಅದೇ ಜುಲೈನಲ್ಲಿ ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡನ್ನು ಒಮ್ಮೆಗೆ ಐದು ಚಾಟ್‌ಗೆ ಮಿತಿಗೊಳಿಸಿತು.

ರೆಡಿಮೇಡ್ ಮಾತಿನ ಬಗ್ಗೆ ಮಾತ್ರ ನನಗೆ ಜನರಷ್ಟು ಸಿಟ್ಟಿಲ್ಲ. ಹೂವು, ಕಾಫಿ ಕಪ್ಪು, ಸೂರ್ಯೋದಯದ ಗುಡ್ ಮಾರ್ನಿಂಗ್ ಚಿತ್ರಗಳಿಂದ ಭಾರತೀಯರ ಫೋನ್ ತುಂಬಿಹೋಗುವುದನ್ನು ನೋಡಿ, ಗೂಗಲ್ 2017ರಲ್ಲಿ ಅವನ್ನು ಹುಡುಕಿ ಅಳಿಸಲು ನೆರವಾಗುವ ಆ್ಯಪ್ ಬಿಟ್ಟಿತು. ನಗು ಬರುತ್ತದೆ. ಆದರೆ ಟೆಲಿಗ್ರಾಂನಲ್ಲೂ ಮದುವೆ, ದೀಪಾವಳಿ, ಪರೀಕ್ಷೆ ಪಾಸಿಗೆ ಸಿದ್ಧ ವಾಕ್ಯಗಳಿದ್ದವು. ನಂಬರ್ ಹೇಳಿದರೆ ಸಾಕಿತ್ತು, ದರವೂ ಕಮ್ಮಿ. ಒಬ್ಬಂಟಿ ಹಿರಿಯರೊಬ್ಬರು ದಿನಾ ಬೆಳಿಗ್ಗೆ ಕಳಿಸುವ ಗುಲಾಬಿ ಚಿತ್ರಕ್ಕೆ "ನಾನು ಎದ್ದಿದ್ದೇನೆ, ಚೆನ್ನಾಗಿದ್ದೇನೆ" ಅನ್ನುವುದಕ್ಕಿಂತ ಬೇರೆ ಅರ್ಥ ಹುಡುಕಬಾರದು. ಒಂದು ದಿನ ಬರದಿದ್ದರೆ ಮಕ್ಕಳು ಫೋನ್ ಮಾಡುತ್ತಾರೆ. ಕರೆಯೋಲೆಯ ವಿಷಯ ಬೇರೆ. ಲಗ್ನಪತ್ರಿಕೆಯ ಪಿಡಿಎಫ್ ಹಾಕಿ "ಇದನ್ನೇ ಖುದ್ದು ಕರೆ ಅಂತ ಭಾವಿಸಿ ಬನ್ನಿ" ಅಂದರೆ, ಮನೆಗೆ ಹೋಗಿ ಕುಂಕುಮ ಕೊಟ್ಟು ಕರೆದ ಹಾಗಾಗುವುದಿಲ್ಲ ಅಂತ ಕರೆದವರಿಗೂ ಗೊತ್ತು, ಕರೆಸಿಕೊಂಡವರಿಗೂ ಗೊತ್ತು. ಅದಕ್ಕೇ ಆ ಸಾಲನ್ನು ಬರೆಯಬೇಕಾಗಿ ಬಂದದ್ದು. ಸಾವಿನ ಸುದ್ದಿಯ ಕೆಳಗೆ ಸಾಲಾಗಿ ಬರುವ 'ಓಂ ಶಾಂತಿ'ಗಳೂ ಹಾಗೆಯೇ. ಬರೆದ ಎಷ್ಟೋ ಜನ ಆಮೇಲೆ ಮನೆಗೆ ಹೋಗುವುದಿಲ್ಲ. ಹೇಳಿಯಾಯಿತಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಗಾದೆ. ಈಗ ಮಾತು ಹೋಗುವುದೇ ಇಲ್ಲ, ಅದೇ ಕಷ್ಟ. ಎರಡು ವರ್ಷದ ಹಿಂದೆ ಸಿಟ್ಟಿನಲ್ಲಿ ಬರೆದದ್ದನ್ನು ಹುಡುಕಿ "ನೋಡು, ನೀನೇ ಹೇಳಿದ್ದೆ" ಅಂತ ಮುಂದೆ ಹಿಡಿಯಬಹುದು. ಮನೆಯ ಜಗಳಗಳು ಸರಿಹೋಗುತ್ತಿದ್ದದ್ದು ಬಹಳ ಸಲ ನ್ಯಾಯದಿಂದಲ್ಲ, ಮರೆವಿನಿಂದ. ಕಳಿಸಿದ್ದನ್ನು ಅಳಿಸುವ ಸೌಲಭ್ಯ ವಾಟ್ಸಾಪಿಗೆ 2017ರಲ್ಲಿ ಬಂತು. ಆದರೆ ಅಳಿಸಿದ ಗುರುತು ಉಳಿದು ಏನಿತ್ತೋ ಅನ್ನುವ ಹೊಸ ತಲೆನೋವು ಕೊಟ್ಟಿತು. ಕೌಟುಂಬಿಕ ನ್ಯಾಯಾಲಯಗಳಲ್ಲಿ ಚಾಟ್ ಪ್ರತಿಗಳು ಈಗ ಮಾಮೂಲಿ ಸಾಕ್ಷಿ. ಗಂಡ ಹೆಂಡತಿ ಒಬ್ಬರಿಗೊಬ್ಬರು ತಿಳಿಯದಂತೆ ಮುದ್ರಿಸಿಕೊಂಡ ಮಾತನ್ನೂ ವಿಚ್ಛೇದನ ಪ್ರಕರಣದಲ್ಲಿ ಸಾಕ್ಷಿಯಾಗಿ ಪರಿಗಣಿಸಬಹುದು ಅಂತ ಸುಪ್ರೀಂ ಕೋರ್ಟ್ ಜುಲೈ 2025ರಲ್ಲಿ ಹೇಳಿತು. ಇದನ್ನು ತಿಳಿದವರು ಮಾತಾಡುವ ಮೊದಲು ತೂಗಿ ನೋಡುತ್ತಾರೆ. ಮನೆಯೊಳಗಿನ ಮಾತಿಗೆ ಈ ಎಚ್ಚರ ಹೊಸದು.

ಇಷ್ಟೆಲ್ಲ ಬರೆದ ಮೇಲೆ ಹಿಂದಿನದೇ ಚೆನ್ನಾಗಿತ್ತು ಅಂತ ತೀರ್ಪು ಕೊಡಲು ನಾನು ತಯಾರಿಲ್ಲ. ಹಿಂದಿನ ಆ ಲ್ಯಾಂಡ್‌ಲೈನ್ ಇದ್ದದ್ದು ಪಡಸಾಲೆಯಲ್ಲಿ, ಮಾವನ ಕುರ್ಚಿಯ ಪಕ್ಕ. ತವರಿಗೆ ಫೋನ್ ಮಾಡಿದ ಸೊಸೆ "ಚೆನ್ನಾಗಿದೀನಮ್ಮ" ಅನ್ನುವುದನ್ನು ಇಡೀ ಮನೆ ಕೇಳಿಸಿಕೊಳ್ಳುತ್ತಿತ್ತು. ಅವಳು ಬೇರೆ ಇನ್ನೇನು ಹೇಳಲು ಸಾಧ್ಯವಿತ್ತು? ರಾತ್ರಿ ದೀಪ ಆರಿಸಿ, ಸದ್ದಿಲ್ಲದೆ ಅಕ್ಕನಿಗೆ ನಾಲ್ಕು ಸಾಲು ಬರೆಯಲು ಅವಳಿಗೆ ಸಿಕ್ಕ ಅವಕಾಶವನ್ನು ಮಾತಿನ ಅವನತಿ ಅಂತ ಕರೆಯಲು ಗಂಡಸರಿಗಷ್ಟೇ ಸಾಧ್ಯ. ಅದೂ ಎಲ್ಲರಿಗೂ ಸಿಕ್ಕಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, ತಾನೇ ಬಳಸುವ ಮೊಬೈಲ್ ಇದೆ ಅಂದ ಭಾರತೀಯ ಮಹಿಳೆಯರು ಶೇ. 54. ಕಿವಿ ಕೇಳದವರಿಗೆ, ತೊದಲುವವರಿಗೆ, ಎದುರಿಗೆ ನಿಂತರೆ ಮಾತೇ ಹೊರಡದವರಿಗೆ ಮೆಸೇಜು ಕೊಟ್ಟದ್ದನ್ನು ಫೋನ್ ಕೊಟ್ಟಿರಲಿಲ್ಲ. ಸಾಲ ಕೇಳುವುದೂ ಈಗ ಮೆಸೇಜಿನಲ್ಲೇ. ಕೇಳುವವರ ನಾಚಿಕೆ ಕಮ್ಮಿ, ಇಲ್ಲ ಅನ್ನುವವರ ಸಂಕಟವೂ ಕಮ್ಮಿ.

ಆದರೆ ಸಮಾಧಾನದ ವಿಷಯಕ್ಕೆ ಬಂದರೆ ಧ್ವನಿಗೆ ಬದಲಿ ಇಲ್ಲ. ವಿಸ್ಕಾನ್ಸಿನ್–ಮ್ಯಾಡಿಸನ್ ವಿಶ್ವವಿದ್ಯಾಲಯದ ಲೆಸ್ಲಿ ಸೆಲ್ಟ್‌ಜರ್ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕ್ಕ ಹುಡುಗಿಯರಿಗೆ ಅಪರಿಚಿತರ ಮುಂದೆ ಮಾತಾಡುವ, ಲೆಕ್ಕ ಬಿಡಿಸುವ ಪರೀಕ್ಷೆ ಕೊಟ್ಟರು. ಆಮೇಲೆ ಕೆಲವರು ಅಮ್ಮನನ್ನು ಕಂಡರು, ಕೆಲವರು ಫೋನಿನಲ್ಲಿ ಮಾತಾಡಿದರು, ಕೆಲವರು ಚಾಟ್ ಮಾಡಿದರು, ಇನ್ನು ಕೆಲವರು ಯಾರನ್ನೂ ಸಂಪರ್ಕಿಸಲಿಲ್ಲ. ಅಮ್ಮನ ಧ್ವನಿ ಕೇಳಿದವರಲ್ಲಿ ಒತ್ತಡದ ಹಾರ್ಮೋನ್ ಇಳಿಯಿತು. ಚಾಟ್ ಮಾಡಿದವರ ಸ್ಥಿತಿ ಯಾರನ್ನೂ ಸಂಪರ್ಕಿಸದವರ ಹಾಗೇ ಇತ್ತು. ಸಂಶೋಧಕ ಅಮಿತ್ ಕುಮಾರ್ ಮತ್ತು ಇಮೇಲ್ ಪ್ರಯೋಗದ ಅದೇ ಎಪ್ಲಿ 2021ರಲ್ಲಿ ಪ್ರಕಟಿಸಿದ್ದು ಇದಕ್ಕೆ ಹೊಂದುತ್ತದೆ. ಹಳೆಯ ಗೆಳೆಯರಿಗೆ ಕರೆ ಮಾಡಿದರೆ ಮುಜುಗರ ಆಗುತ್ತದೆ ಅಂತ ಜನ ಹೆದರಿ ಇಮೇಲ್ ಆರಿಸಿಕೊಳ್ಳಲು ಬಯಸಿದರು. ಕರೆ ಮಾಡಿಸಿದಾಗ ಮುಜುಗರ ಜಾಸ್ತಿಯಾಗಲಿಲ್ಲ, ಹತ್ತಿರವಾದ ಭಾವನೆ ಜಾಸ್ತಿಯಾಯಿತು. ಕರೆಗೆ ನಾವು ಹೆದರುವುದು ಬಹುಪಾಲು ಊಹೆಯಲ್ಲೇ.

ಮುಂದಿನ ಹೆಜ್ಜೆ ಆಗಲೇ ಬಿದ್ದಿದೆ. ಜೂನ್ 2024ರಿಂದ ಭಾರತದ ವಾಟ್ಸಾಪಿನಲ್ಲೇ ಅದರ ಒಡೆಯ ಕಂಪನಿ ಮೆಟಾದ ಎಐ ಕೂತಿದೆ. ಉತ್ತರ ಬರೆದುಕೊಡುವ, ಓದದ ಮೆಸೇಜುಗಳ ಸಾರ ಹೇಳುವ ಯಂತ್ರಗಳು ಬರುತ್ತಿವೆ. ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಕಂಡುಕೊಂಡಂತೆ, ಸಿದ್ಧ ಉತ್ತರ ಸೂಚಿಸುವ ಎಐ ಬಳಸಿದವರ ಸಂಭಾಷಣೆ ಬೇಗ ಸಾಗುತ್ತದೆ, ಮಾತು ಹೆಚ್ಚು ಸವಿಯಾಗುತ್ತದೆ. ಆದರೆ ಎದುರಿನವರು ಯಂತ್ರದ ಉತ್ತರ ಹಾಕುತ್ತಿದ್ದಾರೆ ಅಂತ ಅನುಮಾನ ಬಂದರೆ ಅವರ ಮೇಲಿನ ಅಭಿಪ್ರಾಯ ಕೆಡುತ್ತದೆ. ಹೂಂಗುಡುವುದನ್ನೂ ಬೇರೆಯವರಿಗೆ ಗುತ್ತಿಗೆ ಕೊಟ್ಟ ಹಾಗೆ ಇದು. ಅತ್ತೆಯ ನಾಲ್ಕು ನಿಮಿಷದ ವಾಯ್ಸ್ ನೋಟನ್ನು ಯಂತ್ರ ಮೂರು ಸಾಲಿಗಿಳಿಸಿ, "ಆರೋಗ್ಯ ನೋಡಿಕೊಳ್ಳಿ ಅತ್ತೆ" ಅಂತ ಉತ್ತರವನ್ನೂ ಬರೆದುಕೊಟ್ಟರೆ ಅತ್ತೆಗೆ ಉತ್ತರ ಬೇಗ ಸಿಗುತ್ತದೆ, ಸಂತೋಷವೂ ಆಗಬಹುದು. ಆಪರೇಷನ್ ಆದದ್ದು ಎಡಗಣ್ಣಿಗೋ ಬಲಗಣ್ಣಿಗೋ ಅಂತ ಮುಂದಿನ ಸಲ ಸಿಕ್ಕಾಗ ನೆನಪಿರುವುದು ಯಾರಿಗೆ, ನಮಗೋ ಫೋನಿಗೋ?